ಹುಲ್ಲಿಗೂ ಹಿಮಕ್ಕೂ ಒಂದೇ ಟ್ರ್ಯಾಕ್ಟರ್: ಯಾವುದನ್ನು ಕೊಳ್ಳಲಿ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹೊರವಲಯದಲ್ಲಿ ಹೋದ ವರ್ಷ ಮನೆ ಕೊಂಡೆವು. ಒಂದೂವರೆ ಎಕರೆ ಜಾಗ, ಹೆಚ್ಚಿನದು ಹುಲ್ಲೇ. ಡಾಂಬರಿನ ಡ್ರೈವ್‌ವೇ 150 ಅಡಿ ಉದ್ದ, 12 ಅಡಿ ಅಗಲ. ರಸ್ತೆ ಹತ್ತಿರ ಇಳಿಜಾರು. ರಸ್ತೆಗೆ ಮುಖ ಮಾಡಿ ನಿಂತರೆ ಬಲಗಡೆ ಉದ್ದಕ್ಕೂ ಕಲ್ಲಿನ ಗೋಡೆ. ಹಳೆಯ ಮಾಲೀಕರು ಬಿಟ್ಟುಹೋಗಿದ್ದ ಟ್ರ್ಯಾಕ್ಟರ್ ಈ ಬೇಸಿಗೆಯಲ್ಲಿ ಕೈಕೊಟ್ಟಿತು. ಹೊಸದು ತಗೊಂಡರೆ ಅದರಲ್ಲೇ ಚಳಿಗಾಲದಲ್ಲಿ ಹಿಮವನ್ನೂ ತಳ್ಳಬೇಕು ಅಂತ ಆಸೆ. ನನಗೆ ಬೆನ್ನುನೋವು, ಹಿಮ ಎಸೆಯುವ ಬ್ಲೋವರ್ ಯಂತ್ರದ ಹಿಂದೆ ನಡೆಯುವುದು ಕಷ್ಟ. ಅಂಗಡಿಯವರು 24 ಹಾರ್ಸ್‌ಪವರ್, 54 ಇಂಚಿನ ಡೆಕ್ (ಹುಲ್ಲು ಕತ್ತರಿಸುವ ಅಡಿಭಾಗ) ಇರುವ ಲಾನ್ ಟ್ರ್ಯಾಕ್ಟರ್ ತೋರಿಸಿ, "ಇದಕ್ಕೇ ಹಿಮ ತಳ್ಳುವ ಬ್ಲೇಡ್ ಹಾಕಬಹುದು" ಅಂದರು. ಮಿನೆಸೋಟದಲ್ಲಿರುವ ಭಾವ "ಕುಬೋಟಾ ಬಿಎಕ್ಸ್‌ಗಿಂತ ಕಡಿಮೆಯದನ್ನು ಮುಟ್ಟಲೇಬೇಡ" ಅನ್ನುತ್ತಾರೆ. ನನ್ನ ಬಜೆಟ್ ಎಂಟು ಸಾವಿರ ಡಾಲರ್. ಬ್ಯಾಟರಿಯವೂ ಬಂದಿವೆಯಂತೆ. ಏನು ಮಾಡಲಿ?

ಉತ್ತರ: ಹುಲ್ಲಿನ ಚಿಂತೆಯನ್ನು ಮೊದಲು ಬದಿಗಿಡಿ. ಒಂದೂವರೆ ಎಕರೆ ಹುಲ್ಲನ್ನು ಇಲ್ಲಿ ಮಾರುವ ಯಾವ ಟ್ರ್ಯಾಕ್ಟರ್ ಆದರೂ ಕತ್ತರಿಸುತ್ತದೆ. ನಿಮ್ಮ ಟ್ರ್ಯಾಕ್ಟರ್‌ಗೆ ಪರೀಕ್ಷೆ ಇರುವುದು ಜನವರಿಯಲ್ಲಿ, ಜುಲೈಯಲ್ಲಲ್ಲ. ಅದಕ್ಕೇ ಹಿಮಕ್ಕೆ ಆಗುವ ಗಾಡಿ ಯಾವುದು ಅಂತ ನೋಡಿ ಆರಿಸಿ, ಹುಲ್ಲು ತಾನಾಗಿ ಆಗುತ್ತದೆ. ಅಂಗಡಿಯವರು ನಿಮಗೆ ಉಲ್ಟಾ ದಾರಿಯಲ್ಲಿ ಮಾರುತ್ತಿದ್ದಾರೆ. ಹುಲ್ಲಿನ ಗಾಡಿ ತೋರಿಸಿ, ಹಿಮವನ್ನು ಬೋನಸ್ ಥರ ಸೇರಿಸಿದ್ದಾರೆ.

ನಿಮ್ಮ ಡ್ರೈವ್‌ವೇ ಲೆಕ್ಕ ಹಾಕೋಣ. 150 ಅಡಿಗೆ 12 ಅಡಿ ಅಂದರೆ ಸುಮಾರು 167 ಚದರ ಮೀಟರ್. ಒಂದು ರಾತ್ರಿ ಆರು ಇಂಚು ಬಿತ್ತು ಅಂದುಕೊಳ್ಳಿ, ಸುಮಾರು 25 ಘನ ಮೀಟರ್ ಹಿಮ. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ 100 ಕೆಜಿಯ ಆಸುಪಾಸು ತೂಗುತ್ತದೆ. ಅಲ್ಲಿಗೆ ಎರಡೂವರೆ ಟನ್. ಮಾರ್ಚ್‌ನ ನೀರು ಕುಡಿದ ಹಿಮವಾದರೆ ಅದೇ ಆರು ಇಂಚು ಆರು ಟನ್ ದಾಟಬಹುದು. ರಾಚೆಸ್ಟರ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 100 ಇಂಚಿನಷ್ಟು ಬೀಳುತ್ತದೆ. ಒಂಟಾರಿಯೊ ಸರೋವರದ ಮೇಲಿಂದ ಬರುವ ಗಾಳಿ ತೇವ ಹೊತ್ತು ತಂದು ಇಲ್ಲೇ ಸುರಿದು ಹೋಗುತ್ತದೆ. ನಡುನಡುವೆ ಒಂದಿಷ್ಟು ಕರಗುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಬದಿಗೆ ತಳ್ಳಿ ರಾಶಿಯಾದದ್ದು ವಾರಗಟ್ಟಲೆ ಅಲ್ಲೇ ಕೂತಿರಬಹುದು.

ಇಷ್ಟನ್ನು ತಳ್ಳುವುದು ಎಂಜಿನ್ ಅಲ್ಲ, ಹಿಂದಿನ ಎರಡು ಚಕ್ರಗಳ ಹಿಡಿತ. ಒತ್ತಿ ಗಟ್ಟಿಯಾದ ಹಿಮದ ಮೇಲೆ ರಬ್ಬರಿನ ಹಿಡಿತ, ಚಕ್ರದ ಮೇಲೆ ಬಿದ್ದ ತೂಕದ ಐದನೇ ಒಂದು ಭಾಗದಷ್ಟು ಅಂತ ಲೆಕ್ಕ ಹಿಡಿಯಬಹುದು. ಸಾಧಾರಣ ಲಾನ್ ಟ್ರ್ಯಾಕ್ಟರ್ ಸುಮಾರು 200 ಕೆಜಿ, ಮೇಲೆ ಕೂತ ನೀವು 75. ಅದರಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು 160, 170 ಕೆಜಿ. ಅಂದರೆ ಅದು ತಳ್ಳಬಲ್ಲ ಬಲ 33 ಕೆಜಿ ತೂಕದಷ್ಟು. ಇಲ್ಲಿ 24 ಹಾರ್ಸ್‌ಪವರ್ ಏನು ಮಾಡುತ್ತದೆ? ಚಕ್ರವನ್ನು ಇನ್ನೂ ಜೋರಾಗಿ ತಿರುಗಿಸಿ ಡಾಂಬರಿನ ಮೇಲೆ ಕಪ್ಪು ಗೆರೆ ಎಳೆಯುತ್ತದೆ, ಅಷ್ಟೇ. ಅದಕ್ಕೇ 18 ಹಾರ್ಸ್‌ಪವರಿನ ಭಾರದ ಗಾಡಿ 24ರ ಹಗುರ ಗಾಡಿಯನ್ನು ಹಿಮದಲ್ಲಿ ಸುಲಭವಾಗಿ ಸೋಲಿಸುತ್ತದೆ.

ಹಾರ್ಸ್‌ಪವರ್ ನಂಬರನ್ನು ಅಷ್ಟು ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಲಾನ್ ಎಂಜಿನ್‌ಗಳ ಮೇಲೆ ಬರೆಯುವ ಹಾರ್ಸ್‌ಪವರ್ ಉಬ್ಬಿಸಿದ್ದು ಅಂತ 2004ರಲ್ಲಿ ಇಲ್ಲಿನ ಗ್ರಾಹಕರು ದೊಡ್ಡ ದೊಡ್ಡ ಕಂಪನಿಗಳ ಮೇಲೆ ಕೇಸು ಹಾಕಿದ್ದರು. 2010ರಲ್ಲಿ 65 ಮಿಲಿಯನ್ ಡಾಲರಿಗೆ ರಾಜಿಯಾಯಿತು. ಈಗ ಎಷ್ಟೋ ಎಂಜಿನ್‌ಗಳ ಮೇಲೆ ಹಾರ್ಸ್‌ಪವರ್ ಬದಲು ಸಿಸಿಯನ್ನೋ ಟಾರ್ಕನ್ನೋ ಬರೆಯುತ್ತಾರೆ.

ಹಾಗಾದರೆ ನೋಡಬೇಕಾದ್ದು ಏನು? ಟ್ರಾನ್ಸ್‌ಮಿಷನ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಭಾಗ. ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ, ಬೋರ್ಡಿನ ಮೇಲೂ ಬರೆದಿರುವುದಿಲ್ಲ. ಇವತ್ತು ಸಿಗುವ ಹೆಚ್ಚಿನ ಗಾಡಿಗಳಲ್ಲಿ ಹೈಡ್ರೋಸ್ಟ್ಯಾಟಿಕ್ ಇರುತ್ತದೆ. ಎಣ್ಣೆಯ ಒತ್ತಡದಿಂದ ಚಕ್ರ ತಿರುಗುತ್ತದೆ, ಗೇರ್ ಬದಲಿಸುವ ಕೆಲಸವೇ ಇಲ್ಲ, ಪೆಡಲ್ ಒತ್ತಿದರೆ ಆಯಿತು. ಟಫ್ ಟಾರ್ಕ್ ಕಂಪನಿಯ ಕೆ 46 ಅನ್ನುವ ಯೂನಿಟ್ ಇದರಲ್ಲಿ ತುಂಬಾ ಚಾಲ್ತಿಯಲ್ಲಿರುವುದು. ಹಸಿರು, ಹಳದಿ, ಕಿತ್ತಳೆ ಅಂತ ಮೇಲಿನ ಬಣ್ಣ ಬೇರೆ ಬೇರೆ, ಕೆಳಗೆ ಮಾತ್ರ ಇದೇ ಇರುವುದುಂಟು. ಮಟ್ಟಸವಾದ ಜಾಗದಲ್ಲಿ ಹುಲ್ಲು ಕತ್ತರಿಸಲು ಒಳ್ಳೆಯ ಯೂನಿಟ್ಟೇ. ಆದರೆ ಅದನ್ನು ಮಾಡಿದ್ದೇ ಹಗುರ ಕೆಲಸಕ್ಕೆ. ಎಣ್ಣೆ ಬದಲಿಸಲು ಡ್ರೇನ್ ಪ್ಲಗ್ ಕೂಡ ಇರುವುದಿಲ್ಲ, ಇಡೀ ಯೂನಿಟ್ಟನ್ನು ಗಾಡಿಯಿಂದ ಕೆಳಗಿಳಿಸಬೇಕು. ಅದಕ್ಕೆ ಟೈರಿಗೆ ಸುತ್ತುವ ಚೈನು, ತೂಕ, ಬ್ಲೇಡ್ ಎಲ್ಲ ಹೇರಿ ಇಳಿಜಾರಿನಲ್ಲಿ ಓಡಿಸಿದರೆ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ತೆಳ್ಳಗಾಗುತ್ತದೆ, ಒತ್ತಡ ನಿಲ್ಲುವುದಿಲ್ಲ.

ಹೈಡ್ರೋ ಸವೆದ ಗಾಡಿ ರಿಪೇರಿಗೆ ಬರುವಾಗ ಮಾಲೀಕರ ಮಾತು ಹೆಚ್ಚುಕಡಿಮೆ ಒಂದೇ. "ಬೆಳಿಗ್ಗೆ ಚೆನ್ನಾಗಿರುತ್ತದೆ ಸಾರ್, ಅರ್ಧ ಗಂಟೆ ಆದಮೇಲೆ ಏರು ಹತ್ತುವುದಿಲ್ಲ." ಪೆಡಲ್ ಪೂರ್ತಿ ಒತ್ತಿದರೂ ಗಾಡಿ ಸಣ್ಣಗೆ ಕೊಯ್ಯೋ ಅನ್ನುತ್ತಾ ನಿಂತಲ್ಲೇ ನಿಂತಿರುತ್ತದೆ. ಒಂದು ತಾಸು ಬಿಟ್ಟರೆ ಮತ್ತೆ ಓಡುತ್ತದೆ. ಹೀಗಾದಾಗ ಪೂರ್ತಿ ಯೂನಿಟ್ ಬದಲಿಸುವುದೇ ಎಷ್ಟೋ ಸಲ ಉಳಿದಿರುವ ದಾರಿ. ಆ ಖರ್ಚು ಕೇಳಿದರೆ ಗಾಡಿಯನ್ನೇ ಮಾರಿಬಿಡೋಣ ಅನ್ನಿಸುತ್ತದೆ.

ಕೆ 66, ಕೆ 72 ಅಂತ ನಂಬರ್ ಏರಿದಂತೆ ಒಳಗಿನ ಗೇರು, ಹೊರಗಿನ ಆಕ್ಸಲ್ ಎಲ್ಲ ದಪ್ಪವಾಗುತ್ತವೆ. ಹೈಡ್ರೋ-ಗೇರ್ ಕಂಪನಿಯಲ್ಲೂ ಹೀಗೇ ಹಗುರದವು, ಭಾರದವು ಇವೆ. ನಂಬರ್ ಗೊತ್ತಾಗದಿದ್ದರೆ ಅಂಗಡಿಯಲ್ಲಿ ನೆಲಕ್ಕೆ ಕೂತು ಹಿಂದಿನ ಚಕ್ರದ ಮಧ್ಯ ನೋಡಿ. ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಮುಕ್ಕಾಲು ಇಂಚಿನ ಆಕ್ಸಲ್, ಅದರ ತುದಿಗೆ ಚಕ್ರ ಜಾರದಂತೆ ಒಂದು ಸಣ್ಣ ಕ್ಲಿಪ್ ಮಾತ್ರ ಇದೆಯಾ? ಅದು ಹುಲ್ಲಿನ ಗಾಡಿ. ಕಾರಿನ ಚಕ್ರದ ಥರ ಬೋಲ್ಟ್ ಹಾಕಿ ಹಬ್‌ಗೆ ಬಿಗಿದಿದ್ದಾರಾ? ಅದು ಭಾರದ ಕೆಲಸಕ್ಕೆ ಮಾಡಿದ್ದು. ಹಾಗೇ ಮುಂದೆ ಬಂದು ಆಕ್ಸಲ್ ನೋಡಿ. ಮಡಚಿದ ತಗಡೋ, ಎರಕದ ಕಬ್ಬಿಣವೋ ಅಂತ ನೋಡಿದರೆ ತಿಳಿಯುತ್ತದೆ. ಇಷ್ಟಕ್ಕೆ ಸೇಲ್ಸ್‌ನವರ ಸಹಾಯ ಬೇಕಾಗಿಲ್ಲ.

ವಾರಂಟಿ ಕಾಗದವೂ ಒಳ್ಳೆಯ ಸುಳಿವು. ಕಂಪನಿ ತನ್ನ ಗಾಡಿಯ ಮೇಲೆ ಎಷ್ಟು ಭರವಸೆ ಇಟ್ಟಿದೆ ಅನ್ನುವುದು ಅದರಲ್ಲಿ ಗಂಟೆಗಳ ಲೆಕ್ಕದಲ್ಲಿ ಇರುತ್ತದೆ. ಜಾನ್ ಡೀರ್ ಅನ್ನೇ ತೆಗೆದುಕೊಳ್ಳಿ. ಹೋಮ್ ಡಿಪೋ, ಲೋಸ್‌ನಂಥ ದೊಡ್ಡ ಅಂಗಡಿಗಳಲ್ಲಿ ಸಿಗುವ ಎಸ್ 100 ಸೀರೀಸ್‌ಗೆ ಎರಡು ವರ್ಷ ಅಥವಾ 120 ಗಂಟೆ. ಡೀಲರ್ ಹತ್ತಿರ ಸಿಗುವ ಎಕ್ಸ್ 300ಕ್ಕೆ ನಾಲ್ಕು ವರ್ಷ ಅಥವಾ 300 ಗಂಟೆ, ಎಕ್ಸ್ 500ಕ್ಕೆ 500 ಗಂಟೆ, ಎಕ್ಸ್ 700ಕ್ಕೆ 700 ಗಂಟೆ. ನೀವು ವಾರಕ್ಕೊಮ್ಮೆ ಹುಲ್ಲು ಹೊಡೆದು ಚಳಿಗಾಲದಲ್ಲಿ ಹಿಮವನ್ನೂ ತಳ್ಳಿದರೆ ವರ್ಷಕ್ಕೆ 50, 60 ಗಂಟೆ ಸುಲಭವಾಗಿ ಆಗುತ್ತದೆ. 120 ಗಂಟೆ ಅಂದರೆ ಎರಡೇ ವರ್ಷ. ಡೀಲರ್ ಸ್ವಲ್ಪ ದುಬಾರಿ, ನಿಜ. ಆದರೆ ಬ್ಲೇಡ್ ಕೂರಿಸಿ ಕೊಡುವವರು, ಗಾಡಿ ಕೆಟ್ಟರೆ ಮನೆಗೆ ಬಂದು ಒಯ್ಯುವವರು ಅವರೇ.

ಈಗ ಭಾವನ ಮಾತಿಗೆ ಬರೋಣ. ಕುಬೋಟಾ ಬಿಎಕ್ಸ್ ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, 600 ಕೆಜಿಗೂ ಮೇಲೆ ತೂಕ. ಜಾನ್ ಡೀರ್ 1025ಆರ್ ಅದೇ ವರ್ಗದ್ದು. ನಮ್ಮ ಮಹೀಂದ್ರದವರೂ ಈ ವರ್ಗದ ಟ್ರ್ಯಾಕ್ಟರ್ ಇಲ್ಲಿ ಮಾರುತ್ತಾರೆ, ಊರಲ್ಲಿ ಗದ್ದೆ ಉಳುವ ಅದೇ ಕೆಂಪು ಬಣ್ಣ. ಹಿಮಕ್ಕೆ ಇವುಗಳ ಮುಂದೆ ಉಳಿದದ್ದೆಲ್ಲ ಆಟಿಕೆ. ಆದರೆ ಹೊಸದಾದರೆ ನಿಮ್ಮ ಬಜೆಟ್ ದಾಟಿ ಎಷ್ಟೋ ದೂರ ಹೋಗುತ್ತದೆ. ಮುಂದೆ ಮಣ್ಣು ಎತ್ತುವ ಲೋಡರ್ ಸೇರಿಸಿದರೆ ಎರಡು ಪಟ್ಟನ್ನೂ ಮೀರಬಹುದು. ಜೊತೆಗೆ ಅಷ್ಟು ಭಾರದ ಗಾಡಿ ಏಪ್ರಿಲ್‌ನ ಒದ್ದೆ ನೆಲದಲ್ಲಿ ಹುಲ್ಲು ಹೊಡೆಯಲು ಹೋದರೆ ಲಾನ್ ತುಂಬಾ ಚಕ್ರದ ಹಳ್ಳ ಬೀಳುತ್ತದೆ. ಭಾವನಿಗೆ ಐದು ಎಕರೆ, ಮಣ್ಣು ಹೊರುವ ಕೆಲಸ ಇದ್ದರೆ ಅವರು ಹೇಳುವುದು ಸರಿ. ಒಂದೂವರೆ ಎಕರೆಗೆ ಅದು ಬೇಡ.

ಅಲ್ಲಿಗೆ ನಿಮಗೆ ಉಳಿಯುವುದು ನಡುವಿನ ವರ್ಗ. ಇದನ್ನು ಇಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಅಂತಾರೆ. ನೋಡಲು ಲಾನ್ ಟ್ರ್ಯಾಕ್ಟರ್ ಥರಾನೇ ಇರುತ್ತದೆ, ಆದರೆ 300 ಕೆಜಿಯ ಆಚೀಚೆ ತೂಕ, ದಪ್ಪ ಫ್ರೇಮು, 12 ಇಂಚಿನ ರಿಮ್ಮಿನ ದೊಡ್ಡ ಹಿಂಚಕ್ರ. ಇದನ್ನು ಬ್ಲೇಡು, ಬ್ಲೋವರ್ ಹಾಕಲೆಂದೇ ಮಾಡಿರುತ್ತಾರೆ. ಜಾನ್ ಡೀರ್ ಎಕ್ಸ್ 500 ಈ ವರ್ಗದ್ದು. ಬೇರೆ ಕಂಪನಿಗಳದ್ದೂ ಸಿಗುತ್ತವೆ, ಆದರೆ ಹೆಸರಿನಲ್ಲಿ "ಗಾರ್ಡನ್" ಅಂತ ಇದ್ದ ಮಾತ್ರಕ್ಕೆ ನಂಬಬೇಡಿ, ಹಿಂಚಕ್ರದ ಬೋಲ್ಟ್ ನೋಡಿ.

ಹೊಸ ಎಕ್ಸ್ 500ಕ್ಕೆ ಬ್ಲೇಡು, ಚೈನು, ತೂಕ ಎಲ್ಲ ಸೇರಿಸಿದರೆ ಎಂಟು ಸಾವಿರಕ್ಕೆ ಸಾಲುವುದು ಕಷ್ಟ. ನಿಮ್ಮ ಜಾಗದಲ್ಲಿ ನಾನಿದ್ದರೆ ಡೀಲರ್ ಹತ್ತಿರ ಎಕ್ಸ್‌ಚೇಂಜ್‌ಗೆ ಬಂದ, 200ರಿಂದ 400 ಗಂಟೆ ಓಡಿದ ಗಾರ್ಡನ್ ಟ್ರ್ಯಾಕ್ಟರ್ ಹುಡುಕುತ್ತಿದ್ದೆ. ಹೊಸ ಹಗುರ ಗಾಡಿಗಿಂತ ಹಳೆಯ ಭಾರದ ಗಾಡಿ ನಿಮ್ಮ ಕೆಲಸಕ್ಕೆ ಹೆಚ್ಚು ಬಾಳಿಕೆ ಬರುತ್ತದೆ. ಹೊಸದೇ ಬೇಕು ಅನ್ನುವ ಹಟ ಇದ್ದರೆ ಬಜೆಟ್ ಏರಿಸಿ, ವರ್ಗ ಇಳಿಸಬೇಡಿ.

ಹಳೆಯದನ್ನು ನೋಡಲು ಹೋದಾಗ ಮೊದಲೇ ಫೋನ್ ಮಾಡಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅನ್ನಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದು ನಿಮಗೆ ಬೇಕು. ಆಮೇಲೆ ಅರ್ಧ ಗಂಟೆ ಓಡಿಸಿ, ಹೈಡ್ರೋ ಚೆನ್ನಾಗಿ ಬಿಸಿಯಾಗಲಿ. ಬಿಸಿಯಾದ ಮೇಲೆ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮುಂದಕ್ಕೆ ಒತ್ತಿ, ಆಮೇಲೆ ರಿವರ್ಸ್‌ನಲ್ಲೂ ಹತ್ತಿಸಿ. ತಡವರಿಸಿದರೆ ನಮಸ್ಕಾರ ಹೇಳಿ ಬನ್ನಿ. ಮೀಟರ್ 250 ಗಂಟೆ ತೋರಿಸುತ್ತಿದ್ದು ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ದರೆ, ಸೀಟು ಹರಿದಿದ್ದರೆ, ಆ ಮೀಟರ್ ಕಥೆ ಬೇರೆ ಇದೆ ಅಂತ ಅರ್ಥ. ಡೆಕ್‌ನ ಅಡಿಗೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಹುಲ್ಲು ಮೆತ್ತಿಕೊಂಡ ಕಡೆ ತುಕ್ಕು ಹಿಡಿದು ತಗಡು ಮೆತ್ತಗಾಗಿರುತ್ತದೆ.

ಡೆಕ್ ವಿಷಯ ಬಂತು, ಬೇಗ ಮುಗಿಸುತ್ತೇನೆ. 54 ಇಂಚು ಬೇಡ, 48 ಸಾಕು. ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ, ತಿರುವುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ 42 ಇಂಚಿನ ಡೆಕ್‌ಗೆ ನಿಮ್ಮ ಜಾಗ ಒಂದೂಕಾಲು ಗಂಟೆ, 48ಕ್ಕೆ ಒಂದು ಗಂಟೆ ಚಿಲ್ಲರೆ. 54ಕ್ಕೆ ಇನ್ನೊಂದು ಏಳೆಂಟು ನಿಮಿಷ ಉಳಿಯಬಹುದು. ಬದಲಿಗೆ ಮರದ ಬುಡದಲ್ಲಿ ತಿರುಗಿಸಲು ಒದ್ದಾಡಬೇಕು, ನೆಲ ಉಬ್ಬುತಗ್ಗು ಇದ್ದ ಕಡೆ ಬ್ಲೇಡು ಮಣ್ಣು ಕೆರೆಯುತ್ತದೆ.

ಹಿಮದ ಬ್ಲೇಡಿನ ಅಗಲಕ್ಕೆ ಮಾತ್ರ ಒಂದು ಸಣ್ಣ ಲೆಕ್ಕ ತಪ್ಪಬಾರದು. ಹಿಮವನ್ನು ಪಕ್ಕಕ್ಕೆ ಸರಿಸಲು ಬ್ಲೇಡನ್ನು ಓರೆ ಮಾಡುತ್ತೀರಿ. 48 ಇಂಚಿನ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಅದು ಬಳಿಯುವ ಅಗಲ ನಲವತ್ತೊಂದೂವರೆ ಇಂಚಿಗೆ ಇಳಿಯುತ್ತದೆ. ಹಿಂಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ, ಚೈನ್ ಸಮೇತ, ಇದಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಚಕ್ರ ಬಳಿಯದ ಹಿಮದ ಮೇಲೆ ಹತ್ತಿ ಹೋಗುತ್ತದೆ. ಟೇಪ್ ಹಿಡಿದು ಅಳೆದೇ ಬ್ಲೇಡ್ ಆರ್ಡರ್ ಮಾಡಿ. ಬ್ಲೇಡನ್ನು ಹಿಡಿದಿರುವ ಕಂಬಿಗಳು ಮುಂದಿನ ತಗಡಿಗೆ ನೇತು ಬಿದ್ದಿರಬಾರದು, ಫ್ರೇಮಿನ ಅಡಿಯಲ್ಲಿ ಹಿಂದಕ್ಕೆ ಹೋಗಿ ಸೇರಿರಬೇಕು. ಏನಾದರೂ ಅಡ್ಡ ಸಿಕ್ಕಾಗ ಬ್ಲೇಡು ಮುಂದಕ್ಕೆ ಮಡಚಿಕೊಳ್ಳುವ ಸ್ಪ್ರಿಂಗ್ ಇರಲೇಬೇಕು. ಇಲ್ಲದಿದ್ದರೆ ಡಾಂಬರಿನ ಒಂದು ಉಬ್ಬು ಸಾಕು, ಸ್ಟೀರಿಂಗ್ ನಿಮ್ಮ ಎದೆಗೆ ಬಡಿಯುತ್ತದೆ.

ಬ್ಲೇಡು ಹಾಕಿದ ಕೂಡಲೇ ಭಾರ ಮುಂದಕ್ಕೆ ಹೋಗಿ ಹಿಂಚಕ್ರ ಹಗುರಾಗುತ್ತದೆ. ಅದಕ್ಕೆ ಹಿಂದೆ ತೂಕ ಕೊಡಬೇಕು. ಚಕ್ರಕ್ಕೆ ಬಿಗಿಯುವ ಕಬ್ಬಿಣದ ತೂಕಗಳು ಸಿಗುತ್ತವೆ, ಒಂದೊಂದು 50 ಪೌಂಡಿನವು. ಇನ್ನೊಂದು ದಾರಿ ಟೈರೊಳಗೆ ದ್ರವ ತುಂಬಿಸುವುದು. ಇಲ್ಲಿ ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯ ರಸ ತುಂಬುತ್ತಾರೆ ಅಂದರೆ ನಗಬೇಡಿ. ಅದು ನೀರಿಗಿಂತ ಭಾರ, ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ರಿಮ್ಮಿಗೆ ತುಕ್ಕೂ ಹಿಡಿಸುವುದಿಲ್ಲ. ಹಳೆಯ ಕಾಲದ ಕ್ಯಾಲ್ಸಿಯಂ ಕ್ಲೋರೈಡ್ ಬೇಡ, ರಿಮ್ ತಿಂದುಹಾಕುತ್ತದೆ. ಗಾರ್ಡನ್ ಟ್ರ್ಯಾಕ್ಟರಿನ ಒಂದು ಹಿಂಚಕ್ರಕ್ಕೆ ದ್ರವದಿಂದಲೇ 35 ಕೆಜಿಯಷ್ಟು ತೂಕ ಬರುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಇಷ್ಟು ಭಾರ ಬೇಡ ಅನ್ನಿಸಿದರೆ ಬಿಚ್ಚಿಡಬಹುದಾದ ಕಬ್ಬಿಣವೇ ಮೇಲು. ನಿಮಗೆ ನಾನು ಹೇಳುವುದು ಅದನ್ನೇ.

ಚೈನ್ ಇಲ್ಲದೆ ಆ ಇಳಿಜಾರಿನ ಸಹವಾಸ ಬೇಡ. ಎರಡು ಕೊಂಡಿಗೊಮ್ಮೆ ಅಡ್ಡ ಚೈನ್ ಇರುವುದನ್ನು ತನ್ನಿ. ನಾಲ್ಕು ಕೊಂಡಿಯದು ಅಗ್ಗ, ಆದರೆ ನಡುವಿನ ಜಾಗದಲ್ಲಿ ಟೈರ್ ಬರಿದಾಗಿ ನೆಲ ಮುಟ್ಟಿ ಜಾರುತ್ತದೆ, ಗಾಡಿ ಕುಲುಕುತ್ತಲೇ ಹೋಗುತ್ತದೆ. ಡಾಂಬರಿಗೆ ಗೀರು ಬೀಳುವುದು ಚೈನ್ ಇರುವುದರಿಂದಲ್ಲ, ಚಕ್ರ ನಿಂತಲ್ಲೇ ಸುತ್ತುವುದರಿಂದ. ಸುತ್ತಲು ಶುರುವಾದ ಕೂಡಲೇ ಕಾಲು ತೆಗೆಯಿರಿ, ಬ್ಲೇಡ್ ಸ್ವಲ್ಪ ಎತ್ತಿ, ಕಡಿಮೆ ಹಿಮ ಹಿಡಿದು ಮತ್ತೆ ತಳ್ಳಿ.

ನಿಮ್ಮ ಗೋಡೆ ಇನ್ನೊಂದು ತಲೆನೋವು. ಹಿಮ ಹೋಗಲು ಒಂದೇ ಬದಿ ಇದೆ. ಹಾಗಾಗಿ ಗೋಡೆಗೆ ತಾಗಿದ ಪಟ್ಟಿಯಿಂದ ಶುರು ಮಾಡಿ, ರಸ್ತೆ ಕಡೆ ಇಳಿಯುವಾಗ ಬ್ಲೇಡು ಎಡಕ್ಕೆ ಓರೆ, ಮೇಲೆ ಬರುವಾಗ ಬಲಕ್ಕೆ ಓರೆ. ವರ್ಷದ ಮೊದಲ ಹಿಮವನ್ನು ಡ್ರೈವ್‌ವೇ ಅಂಚಿಗೆ ಬಿಡಬೇಡಿ, ಹುಲ್ಲಿನ ಮೇಲೆ ನಾಲ್ಕೈದು ಅಡಿ ಒಳಗೆ ತಳ್ಳಿ. ನವೆಂಬರಿನಲ್ಲಿ ಇದು ಅತಿ ಅನ್ನಿಸುತ್ತದೆ. ಆದರೆ ಆ ಅಂಚು ಕಲ್ಲಿನಂತೆ ಗಟ್ಟಿಯಾದ ಮೇಲೆ ಟ್ರ್ಯಾಕ್ಟರ್ ಅದನ್ನು ಅಲ್ಲಾಡಿಸುವುದಿಲ್ಲ, ಪ್ರತಿ ಹಿಮಕ್ಕೂ ದಾರಿ ಒಂದೊಂದು ಗೇಣು ಕಿರಿದಾಗುತ್ತಾ ಬರುತ್ತದೆ. ಹಿಮ ನಿಲ್ಲಲಿ ಅಂತಲೂ ಕಾಯಬೇಡಿ. ಮೂರು ನಾಲ್ಕು ಇಂಚಿಗೊಮ್ಮೆ ಹೊರಗೆ ಬನ್ನಿ. ಎಂಟು ಇಂಚು ಒಟ್ಟಿಗೆ ಸೇರಿದರೆ ಗಾರ್ಡನ್ ಟ್ರ್ಯಾಕ್ಟರಿಗೂ ಕಷ್ಟ. ರಸ್ತೆಯ ಆಚೆಗೆ ತಳ್ಳುವ ಯೋಚನೆ ಬೇಡ, ಸಾರ್ವಜನಿಕ ರಸ್ತೆಗೆ ಹಿಮ ಹಾಕುವುದು ನ್ಯೂಯಾರ್ಕ್‌ನಲ್ಲಿ ಕಾನೂನಿಗೆ ವಿರುದ್ಧ.

ಟೌನ್‌ನವರ ಹಿಮ ಬಳಿಯುವ ಪ್ಲೋ ಲಾರಿ ನಿಮ್ಮ ಡ್ರೈವ್‌ವೇ ಬಾಗಿಲಿಗೆ ಹಿಮದ ಒಡ್ಡು ಕಟ್ಟಿ ಹೋಗುವುದು ಗೊತ್ತೇ ಇದೆಯಲ್ಲ. ರಸ್ತೆಗೆ ಮುಖ ಮಾಡಿ ನಿಂತರೆ ಲಾರಿ ಬರುವುದು ಎಡದಿಂದ. ನಿಮ್ಮ ಎಡಗಡೆ ರಸ್ತೆಯ ಅಂಚಿನಲ್ಲಿ, ಡ್ರೈವ್‌ವೇಗೆ ಮೊದಲು, ಹತ್ತು ಹದಿನೈದು ಅಡಿ ಜಾಗವನ್ನು ಬಳಿದು ಖಾಲಿ ಇಡಿ. ಲಾರಿಯ ಬ್ಲೇಡಿನ ಹೊರೆ ಆ ಖಾಲಿ ಜಾಗಕ್ಕೇ ಇಳಿದುಬಿಡುತ್ತದೆ, ಬಾಗಿಲಿಗೆ ಬರುವುದು ಕಡಿಮೆಯಾಗುತ್ತದೆ. ನಿಮ್ಮ ಗೋಡೆ ಬಲಗಡೆ ಇರುವುದು ಈ ಒಂದಕ್ಕೆ ಮಾತ್ರ ಅನುಕೂಲ.

ಬಫಲೋ ದಕ್ಷಿಣದ ಊರುಗಳಲ್ಲಿ 2022ರ ನವೆಂಬರಿನಲ್ಲಿ ಆರು ಅಡಿಗೂ ಮೇಲೆ ಬಿತ್ತಲ್ಲ, ಅಂಥದ್ದಕ್ಕೆ ಬ್ಲೇಡು ಯಾವುದಕ್ಕೂ ಸಾಲದು. ಅಂಥ ದಿನಕ್ಕೆ ಫೋನ್ ಮಾಡಿದರೆ ಬರುವ ಒಬ್ಬ ಪ್ಲೋನವರ ನಂಬರ್ ಇಟ್ಟುಕೊಳ್ಳಿ. ಟ್ರ್ಯಾಕ್ಟರಿನ ಮುಂದೆ ಹಾಕುವ ಎರಡು ಹಂತದ ಬ್ಲೋವರ್ ಕೂಡ ಇದೆ. ಒಂದೇ ಬದಿಗೆ ಜಾಗ ಇರುವ ನಿಮಗೆ ನಿಜ ಹೇಳಬೇಕೆಂದರೆ ಅದೇ ಹೆಚ್ಚು ಸರಿ, ಹಿಮವನ್ನು ದೂರ ಎಸೆಯುತ್ತದೆ. ಆದರೆ ಬ್ಲೇಡಿನ ಹಲವು ಪಟ್ಟು ಬೆಲೆ. ಮೊದಲ ಚಳಿಗಾಲ ಬ್ಲೇಡಿನಲ್ಲಿ ಕಳೆಯಿರಿ. ಸಾಲದಿದ್ದರೆ ಅದೇ ಗಾಡಿಗೆ ಬ್ಲೋವರ್ ಹಾಕಿಸಬಹುದು. ಕೊಳ್ಳುವಾಗಲೇ ಆ ಮಾಡೆಲಿಗೆ ಬ್ಲೋವರ್ ಬರುತ್ತದಾ ಅಂತ ಕೇಳಿಟ್ಟುಕೊಳ್ಳಿ.

ನವೆಂಬರ್ ಮೊದಲ ವಾರದಲ್ಲಿ ಹುಲ್ಲಿನ ಡೆಕ್ ಬಿಚ್ಚಿ ಒಳಗಿಡಿ, ಎಂಜಿನ್‌ಗೆ 5ಡಬ್ಲ್ಯೂ-30 ಸಿಂಥೆಟಿಕ್ ಆಯಿಲ್ ಹಾಕಿಸಿ. ಬೇಸಿಗೆಯ ಎಸ್‌ಎಇ 30 ಚಳಿಯಲ್ಲಿ ಜೇನಿನಂತೆ ಗಟ್ಟಿಯಾಗಿ ಸ್ಟಾರ್ಟರಿಗೆ ತೊಂದರೆ ಕೊಡುತ್ತದೆ. ಬ್ಯಾಟರಿಗೆ ಗರಾಜ್‌ನಲ್ಲಿ ಸಣ್ಣ ಚಾರ್ಜರ್ ಸಿಕ್ಕಿಸಿರಿ. ಸ್ಟಾರ್ಟ್ ಮಾಡಿ ಐದು ನಿಮಿಷ ಸುಮ್ನೆ ಬಿಡಿ, ಹೈಡ್ರೋ ಎಣ್ಣೆ ಸಡಿಲವಾಗಲಿ. ಬ್ಲೇಡಿಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಒದ್ದೆ ಹಿಮ ಅಂಟುವುದಿಲ್ಲ. ಮಕ್ಕಳಿದ್ದರೆ ತೊಡೆ ಮೇಲೆ ಕೂರಿಸಿಕೊಂಡು ಒಂದು ರೌಂಡು ಅನ್ನುವುದು ಯಾವ ಕಾಲದಲ್ಲೂ ಬೇಡ. ಹುಲ್ಲಿನ ಟ್ರ್ಯಾಕ್ಟರ್ ಓಡಿಸಲು ಕನಿಷ್ಠ 16 ವರ್ಷ ಆಗಿರಬೇಕು ಅಂತ ಇಲ್ಲಿನ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಿ, ಅಡ್ಡಡ್ಡ ಬೇಡ. 15 ಡಿಗ್ರಿಗಿಂತ ಕಡಿದಾಗಿರುವ ಕಡೆ ಗಾಡಿ ಒಯ್ಯಲೇಬೇಡಿ.

ಬ್ಯಾಟರಿ ಟ್ರ್ಯಾಕ್ಟರ್ ಬಗ್ಗೆ ಕೇಳಿದ್ದೀರಿ. ಹುಲ್ಲಿಗೆ ಚೆನ್ನಾಗಿವೆ, ಸದ್ದಿಲ್ಲ, ಆಯಿಲ್ ತಂಟೆ ಇಲ್ಲ. ಆದರೆ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಚಳಿಯಲ್ಲಿ ಅದರ ಶಕ್ತಿಯೂ ಕುಗ್ಗುತ್ತದೆ. ಬಿಸಿ ಮಾಡದ ಗರಾಜ್ ಇರುವ ರಾಚೆಸ್ಟರ್ ಮನೆಗೆ, 150 ಅಡಿ ಡ್ರೈವ್‌ವೇಗೆ, ಈಗಲೇ ಬೇಡ.

ಕೊಳ್ಳುವುದಾದರೆ ಆಗಸ್ಟ್, ಸೆಪ್ಟೆಂಬರಿನಲ್ಲೇ ಡೀಲರ್ ಹತ್ತಿರ ಹೋಗಿ. ಹುಲ್ಲಿನ ಸೀಸನ್ ಇಳಿಯುತ್ತಿರುತ್ತದೆ, ಬೆಲೆ ಮಾತಾಡಲು ಅವರಿಗೂ ಪುರುಸೊತ್ತು. ಗಾಡಿ ಜೊತೆಗೇ ಬ್ಲೇಡು, ಚೈನು, ತೂಕ ಎಲ್ಲ ಒಂದೇ ಬಿಲ್ಲಿನಲ್ಲಿ ಬರೆಸಿ, ಅವರ ಕೈಯಲ್ಲೇ ಒಮ್ಮೆ ಕೂರಿಸಿ ನೋಡಿ. ಮೊದಲ ಹಿಮ ಬಿದ್ದ ಮಾರನೇ ದಿನ ಫೋನ್ ಮಾಡಿದರೆ ನಿಮ್ಮ ಮಾಡೆಲಿನ ಬ್ಲೇಡು ಸ್ಟಾಕ್ ಇರುವುದಿಲ್ಲ.